ಅಜ್ಜಿಯ ಮೊಣಕಾಲೂ ಮಾಮುವಿನ ಸೊಂಟವೂ

ಆ ಐಡಿಯಾ ನನ್ನದೋ ನನ್ನ ಸೋದರಮಾವ ಮಾಮುವಿನದೋ, ಈಗ ಖಚಿತವಾಗಿ ಹೇಳಲಾರೆ. ನನ್ನದೆಂದೇ ನನಗೆ ನೆನಪು. ಮಾಮು ತಮ್ಮದೆನ್ನುತ್ತಾರೆ. ನನ್ನ ಹೆಂಡತಿಯ ಪ್ರಕಾರ ಆ ವರ್ಷದ ಮೊಹರಂಗೆ ನಾನು ಆ ಊರಿಗೆ ಹೋಗಿಯೇ ಇರಲಿಲ್ಲ, ಹೊಸಪೇಟೆಯ ಮನೆಯಲ್ಲಿ ಜ್ವರ ಬಂದು ಮಲಗಿದ್ದೆ. ಮೂವರಲ್ಲಿ ಅವಳ ನೆನಪೇ ಗಟ್ಟಿ. ಆದರೂ ಬರೆಯುತ್ತೇನೆ.

ಕಂಪ್ಲಿ ಹತ್ತಿರದ ಆ ಊರಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಮೊಹರಂ ಮಾತ್ರ ನಮ್ಮಂಥ ಮುಸ್ಲಿಮರಿಗಿಂತ ಜೋರು. ಮಸೂತಿಗೆ ಸುಣ್ಣ ಬಳಿಯುವವರೂ ಪೀರಲ ದೇವರನ್ನು ಕೂರಿಸುವವರೂ ಅಲ್ಲಿನ ರೈತರೇ. ಹರಕೆಯ ಸಕ್ಕರೆಯ ಮೇಲೆ ಅರಬ್ಬಿಯಲ್ಲಿ ಫಾತಿಹಾ ಪ್ರಾರ್ಥನೆ ಓದಲು ಮಾತ್ರ ಕಂಪ್ಲಿಯಿಂದ ಮುಲ್ಲಾ ಆಗಿ ನಮ್ಮ ಮಾಮು ಬರಬೇಕು. ಅವರ ಅಪ್ಪನೂ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ಸಿಗುವ ಆ ಮರ್ಯಾದೆ ಎಂದರೆ ಮಾಮುವಿಗೆ ಪ್ರಾಣ.

ಆಗಷ್ಟೇ ಯೂನಿವರ್ಸಿಟಿ ಮುಗಿಸಿದ್ದ ನಾನು ಅವರ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಭಾಷಣ ಮಾಡಿದೆ. ದೇವರಿಗೂ ಮನುಷ್ಯನಿಗೂ ನಡುವೆ ಏಜೆಂಟ್ ಯಾಕೆ? ಅರ್ಥವಾಗದ ಪ್ರಾರ್ಥನೆ ಯಾಕೆ?

"ಹಬ್ಬ ಇರ್ಲಿ ಮಾಮು. ಅರಬ್ಬಿ ಆದಮ್ಯಾಲೆ ಕನ್ನಡದಾಗ ಅರ್ಥ ಹೇಳೂಣು, ಅಷ್ಟ."

"ಆತು, ನೀನ ಹೇಳು. ಈಗ ಬಾಯಿ ಮುಚ್ಚು, ಧೂಳು ಹೋಗ್ತದ."

ಮಸೂತಿಯಲ್ಲಿ ಹರಕೆಯ ಸಕ್ಕರೆ ಹಿಡಿದವರ ಸಾಲಿನಲ್ಲಿ ಮೊದಲು ನಿಂತವಳು ಒಬ್ಬ ಅಜ್ಜಿ. ಮಾಮು ಓದಿದರು. ನಾನು ಕನ್ನಡದಲ್ಲಿ ಅರ್ಥ ಹೇಳಿದೆ. ಅಜ್ಜಿ ಕಾದಳು.

"ಮುಗೀತೇನು?"

"ಮುಗೀತಮ್ಮ."

"ನನ್ನ ಮೊಣಕಾಲು ಎಲ್ಲಿ ಬಂತು?"

"ಅದರಾಗ ಮೊಣಕಾಲು ಇಲ್ಲಮ್ಮ."

ಅಜ್ಜಿ ಮಾಮುವಿನ ಕಡೆ ತಿರುಗಿದಳು. "ಯಾಕ ಮುಲ್ಲಾಸಾಬ್, ಇಷ್ಟ ವರ್ಷ ನನ್ನ ಮೊಣಕಾಲು ಬಿಟ್ಟು ಓದಿದಿಯೇನು?"

"ಹಂಗಾರ ನನ್ನ ಪಂಪ್‌ಸೆಟ್ಟೂ ಇಲ್ಲ!" ಹಿಂದಿನಿಂದ ಯಾರೋ ಕೂಗಿದರು. ಊರ ಹಿರಿಯರೊಬ್ಬರು ಎದ್ದು ನಿಂತರು. "ಹಿಂಗಾದ್ರ ಮುಂದಿನ ವರ್ಷ ಸಂಡೂರಿಂದ ಬ್ಯಾರೆ ಮುಲ್ಲಾನ್ನ ಕರಸ್ತೀವಿ, ನೋಡ್ರಿ."

ಮಾಮು ಬಿಳಿಚಿಕೊಂಡರು. ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ದೇವರನ್ನ ಹೊಗಳೋದು ನನ್ನ ಕೆಲಸ. ಕಷ್ಟ ನಿಂದು, ಅದನ್ನ ನೀನ ಹೇಳಬೇಕು. ನಡುವ ನಾ ಯಾಕ?"

ಬೈಕಿನಲ್ಲಿ ನಾನು ಮಾಡಿದ ಭಾಷಣವೇ! ಅದನ್ನು ಇಷ್ಟು ಚಿಕ್ಕದಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಅಜ್ಜಿ ಹೇಳಿದಳು. ಮೊಣಕಾಲಿನಿಂದ ಶುರುಮಾಡಿ, ತೋರಣಗಲ್ಲಿನಿಂದ ಫೋನೇ ಮಾಡದ ಅಳಿಯನನ್ನು ಹಾದು, ಸೊಸೆ ಮಾಡುವ ಸಪ್ಪೆ ಸಾರಿನವರೆಗೆ ಬರುವಷ್ಟರಲ್ಲಿ ಸಕ್ಕರೆಗೆ ಇರುವೆ ಹತ್ತಿತ್ತು. ಹಿಂದಿನವರ್‍ಯಾರೂ ಕಡಿಮೆಯಿರಲಿಲ್ಲ. ಊಟದ ಹೊತ್ತಿಗೆ ಮುಗಿಯುತ್ತಿದ್ದ ಓದು ಸಂಜೆಯಾದರೂ ಮುಗಿಯಲಿಲ್ಲ.

"ಏಜೆಂಟ್ ಬ್ಯಾಡ ಅಂದೆಲ್ಲ," ಎಂದರು ಮಾಮು, ದಿನವಿಡೀ ನೆಲದ ಮೇಲೆ ಕೂತು ಬೈಕ್ ಹತ್ತಲಾಗದೆ. "ನೋಡಲೇ, ಏಜೆಂಟಂದು ಸೊಂಟ ಹೋತು."

ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಅವರು ವರ್ಷವಿಡೀ ಚಡಪಡಿಸಿದರು. ಮುಂದಿನದನ್ನು ನೆನಪಿನ ಮೇಲೆ ಬಿಡದೆ ಆ ಹಿರಿಯರಿಗೇ ಫೋನ್ ಮಾಡಿ ಕೇಳಿದ್ದೇನೆ. ಸಂಡೂರಿನಿಂದ ಯಾರನ್ನೂ ಕರೆಸಿಲ್ಲ. ಮಸೂತಿಗೆ ಮಾಮುವಿಗಾಗಿ ಒಂದು ಒರಗುವ ಕುರ್ಚಿ ತರಿಸಿದ್ದಾರೆ.