ನಾನು ಕೊಟ್ಟ ಗುಳಿಗೆ

ಇವತ್ತು ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಒಬ್ಬ ಬಂಡಿಯ ಮೇಲೆ ಕೆಂಪು ಬಾಳೆಹಣ್ಣು ಮಾರುತ್ತಿದ್ದ. ಆ ಮಾಗಿದ ವಾಸನೆ ಮೂಗಿಗೆ ಬಡಿದದ್ದೇ, ನಿಲ್ಲಲಾರದೆ ಮನೆಗೆ ಬಂದುಬಿಟ್ಟೆ.

ಕಮಲಾಪುರದ ಶಾಲೆಯಲ್ಲಿ ನಾನು ಗುಮಾಸ್ತೆ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವಳಿಗೂ ನನ್ನ ಹಾಗೆಯೇ ಅರೆತಲೆನೋವು. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡೇ ಬೇಳೆ ಕುದಿಸುತ್ತಿದ್ದಳು. ನೋಡಲಾರದೆ ಒಮ್ಮೆ, ಡಾಕ್ಟರು ನನಗೆ ಬರೆದುಕೊಟ್ಟಿದ್ದ ಗುಳಿಗೆ ಕೊಟ್ಟೆ. ಒಂದು ತಾಸಿನಲ್ಲಿ ಬಟ್ಟೆ ಬಿಚ್ಚಿ ನಗುತ್ತಾ ಬಂದಳು.

"ಡಾಕ್ಟರ್ ಆಗೋದು ಬಿಟ್ಟು ಇಲ್ಲಿ ರಿಜಿಸ್ಟರ್ ಬರಿಯಾಕ ಯಾಕ ಬಂದ್ರಿ ಮೇಡಂ?"

ನನಗೆ ಹಿಗ್ಗು. ಮುಂದೆ ನೋವು ಬಂದಾಗಲೆಲ್ಲ ನಾನೇ ಕೊಟ್ಟೆ. ಮರುದಿನ ಅವಳು ತಮ್ಮನ ತೋಟದ ಎರಡು ಕೆಂಪು ಬಾಳೆಹಣ್ಣು ನನ್ನ ಮೇಜಿನ ಮೇಲೆ ಇಡುತ್ತಿದ್ದಳು.

ಆ ಗುಳಿಗೆ ಬರೆಯುವ ಮೊದಲು ಡಾಕ್ಟರು ನನಗೆ ಬಿಪಿ ಇದೆಯೇ, ಎದೆನೋವು ಬಂದದ್ದುಂಟೇ ಎಂದು ಎರಡೆರಡು ಸಲ ಕೇಳಿದ್ದರು. ರಕ್ತನಾಳ ಬಿಗಿಯುವ ಔಷಧ, ಹೃದಯ ಸರಿಯಿಲ್ಲದವರಿಗೆ ಆಗದು ಎಂದಿದ್ದರು. ಅಕ್ಕನನ್ನು ನಾನು ಕೇಳಲಿಲ್ಲ. ಕೇಳುವುದೇನು, ಅವಳಿಗೆ ಬಿಪಿ ಇದ್ದದ್ದು ಗೊತ್ತೇ ಇತ್ತು. ಸಾರಿಗೆ ಉಪ್ಪು ಹಾಕುವ ಮೊದಲೇ ತನ್ನ ಪಾಲು ತೆಗೆದಿಡುತ್ತಿದ್ದಳು...

ಆ ದಿನ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು. "ಎದಿ ಬಿಗದಂಗ ಆಗ್ಯಾದ್ರಿ."

"ನನಗೂ ಹಂಗೇ ಆಗ್ತದ. ಹೋಗ್ತದ ಬಿಡಕ್ಕ," ಎಂದೆ, ತಲೆ ಎತ್ತದೆ.

ಮಕ್ಕಳಿಗೆ ಬಡಿಸುತ್ತಲೇ ಕುಸಿದಳು. ಕಲಬುರಗಿಯ ಆಸ್ಪತ್ರೆಯಲ್ಲಿ, ಯಾವ ಔಷಧ ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದರು. "ಬಿಪಿದಷ್ಟೇ ರೀ," ಎಂದಳು ಅಕ್ಕನ ಮಗಳು. ತಲೆನೋವಿನ ಗುಳಿಗೆಯನ್ನು ಅವಳು ಔಷಧವೆಂದು ಎಣಿಸಿರಲಿಲ್ಲ. ನಾನು ಅವಳ ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಕ್ಕ ಎರಡೇ ದಿನ ಬದುಕಿದ್ದಳು. ಆ ಎರಡು ದಿನವೂ ಬಿಡಲಿಲ್ಲ. ಗುಳಿಗೆಯಿಂದಲೇ ಆಯಿತೋ, ಹೃದಯ ಮೊದಲೇ ಸೋತಿತ್ತೋ... ಹೇಳಿದ್ದರೆ ಡಾಕ್ಟರಿಗಾದರೂ ತಿಳಿಯುತ್ತಿತ್ತು.

ಈಗ ಆ ಒಲೆಯ ಮುಂದೆ ಮಗಳಿದ್ದಾಳೆ. ಮೊನ್ನೆ ಹಣೆ ಒತ್ತಿಕೊಳ್ಳುತ್ತಾ ಬಂದಳು. "ಮೇಡಂ, ಅವ್ವಗ ಕೊಡ್ತಿದ್ರಲ್ಲ, ಆ ಗುಳಿಗಿ ಒಂದು ಕೊಡ್ರಿ."

"ಈಗ ಅದು ಬರಂಗಿಲ್ಲವ್ವ. ಡಾಕ್ಟರಿಗೆ ತೋರಿಸು," ಎಂದೆ. ಗುಳಿಗೆ ನನ್ನ ಚೀಲದಲ್ಲೇ ಇತ್ತು.

ನಾಳೆ ರಜೆ ಹಾಕಿ ಕಲಬುರಗಿಗೆ ಬರುತ್ತಾಳಂತೆ. ಅವ್ವನಿಗೆ ಏನಾಗಿತ್ತು ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಅಷ್ಟರೊಳಗೆ ಎಲ್ಲ ಹೇಳಬೇಕೆಂದು ಸಂಜೆ ಅವಳಿಗೆ ಫೋನು ಹಚ್ಚಿದೆ. "ಹೇಳ್ರಿ ಮೇಡಂ," ಎಂದಳು. ಥೇಟ್ ಅಕ್ಕನ ದನಿ... ಊಟ ಆಯ್ತೇನವ್ವ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.