ಮಾವ ತಿಂದ ಒಂದು ತಟ್ಟೆ ಮಂಡಕ್ಕಿ

ಬಸ್ಸು ಬಾತಿಯ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ನುಂಗಿ, ಹರಿಹರದ ಬಸ್‌ಸ್ಟ್ಯಾಂಡಿನಲ್ಲೇ ತಲೆ ತಿರುಗಿ ಬೀಳಬಹುದಿತ್ತು. ಹದಿನೆಂಟು ವರ್ಷದಲ್ಲಿ ಓಣಿಯ ಗುರುತು ಹತ್ತದೆ ಅವ್ವನ ಮನೆ ಸಿಗದೇ ಹೋಗಬಹುದಿತ್ತು. ಸಿಕ್ಕರೂ ಬಾಗಿಲು ಹಾಕಿರಬಹುದಿತ್ತು. ತೆರೆದಿದ್ದರೆ ಇನ್ನೂ ಕಷ್ಟ, ಒಳಗೆ ಸಭೆಯವರು ಬಿಳಿ ಅಂಗಿ ತೊಟ್ಟು ಸಾಲಾಗಿ ಕೂತಿರಬಹುದಿತ್ತು. ಅವರನ್ನು ನೋಡಿ ನಾನು ಮೂವತ್ತೆರಡು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡ ಬೈಗುಳವನ್ನು ಮರೆತು ನಮಸ್ಕಾರ ಹೇಳಿಬಿಡಬಹುದಿತ್ತು. ಹಿಂದಿನ ದಿನ ಇದೆಲ್ಲವನ್ನೂ ಕೇಳಿಸಿಕೊಂಡ ನನ್ನ ಹೆಂಡತಿ, "ಹದಿನೈದು ಕಿಲೋಮೀಟ್ರು ದಾರಿಗೆ ಇಷ್ಟೊಂದು ಅನಾಹುತ ಹಿಡಿಸಲ್ಲ ಬಿಡ್ರಿ" ಎಂದಿದ್ದಳು. ಅವಳು ಹೇಳಿದಂತೆಯೇ ಆಯಿತು, ಯಾವುದೂ ಕೆಡಲಿಲ್ಲ. ಬಸ್ಸಿನಿಂದ ಇಳಿದು ಮುಖ ಒರೆಸಿಕೊಳ್ಳುವಾಗ ಕನ್ನಡಕದ ಸ್ಕ್ರೂ ಒಂದು ಬಿದ್ದುಹೋಯಿತು, ಅಷ್ಟೆ.

ನನ್ನದು ದಾವಣಗೆರೆಯಲ್ಲಿ ಕನ್ನಡಕದ ಅಂಗಡಿ. ಊರಿನವರ ಸ್ಕ್ರೂ ಬಿಗಿ ಮಾಡುವವನು ಎಡಗಡೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ಹೊರಗೆ ರಸ್ತೆ ಬದಿಯ ಒಬ್ಬ ಟೈಲರ್ ಮುಂದೆ ನಿಂತೆ. ಅವನು ಏನನ್ನೂ ಕೇಳದೆ ಬಿಳಿ ದಾರದಿಂದ ಕಡ್ಡಿಯನ್ನು ಸುತ್ತಿ ಕಟ್ಟಿಕೊಟ್ಟ. ಅವನ ಮೇಜಿನ ಮೇಲೆ ಗಂಜಿ ಹಾಕಿದ ಬಟ್ಟೆಗೆ ಇಸ್ತ್ರಿ ಬೀಳುತ್ತಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎರಡೂ ಕಣ್ಣಿನ ರೆಪ್ಪೆಗಳ ಮೇಲೆ ಮಾವನ ಹೆಬ್ಬೆರಳುಗಳು ಬಂದು ಕೂತಂತಾಯಿತು...

ಮಾವ ಎಂದರೆ ಅವ್ವನ ತಮ್ಮ. ಹರಿಹರದಲ್ಲಿ ಟೈಲರ್ ಆಗಿದ್ದ. ನಮ್ಮ ಸಭೆಯ ಹಿರಿಯನೂ ಅವನೇ. ಸಭೆ ಎಂದರೆ ದೊಡ್ಡ ಚರ್ಚೇನೂ ಅಲ್ಲ, ಯಾವ ಚರ್ಚಿನವರೂ ನಮ್ಮನ್ನು ತಮ್ಮವರೆಂದು ಹೇಳಿಕೊಳ್ಳುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಕೂಡುತ್ತಿದ್ದ ನಲವತ್ತು ಮನೆಗಳ ಗುಂಪು. ಎಲ್ಲರಿಗೂ ಬಿಳಿ ಬಟ್ಟೆ, ಎಲ್ಲರದೂ ಮಾವನ ಹೊಲಿಗೆ. ಹೂವಿಲ್ಲ, ಬಳೆಯಿಲ್ಲ, ಸಿನಿಮಾ ಇಲ್ಲ. ಡಾಕ್ಟರು, ಮಾತ್ರೆ ಇಲ್ಲವೇ ಇಲ್ಲ, ಕಾಯಿಲೆಗೆ ಪ್ರಾರ್ಥನೆಯೊಂದೇ. ನಮ್ಮ ಅಪ್ಪ ಒಂದು ಜ್ವರಕ್ಕೆ ಒಂಬತ್ತು ದಿನ ಪ್ರಾರ್ಥನೆ ಮಾಡಿಸಿಕೊಂಡು ತೀರಿಕೊಂಡ. ಆಮೇಲೆ ನನ್ನನ್ನೂ ಅವ್ವನನ್ನೂ ಸಾಕಿದ್ದು ಮಾವನ ಹೊಲಿಗೆ ಯಂತ್ರ. ಇದನ್ನು ಬರೆಯದೆ ಬಿಡಬಹುದಿತ್ತು, ಸೇಡಿಗೆ ಅನುಕೂಲವಾಗುತ್ತಿತ್ತು.

ಚಿಂತೆ ಮಾಡುವುದೂ ಸಭೆಯಲ್ಲಿ ಪಾಪವೇ. ಚಿಂತೆ ಮಾಡುವವನು ದೇವರನ್ನು ನಂಬಿಲ್ಲವೆಂದು ಅರ್ಥ. ಚಿಂತೆಯನ್ನು ಬಿಟ್ಟರೆ ಬೇರೆ ವಿದ್ಯೆ ಕಲಿಯದ ನಾನು ಅಲ್ಲಿ ಇಪ್ಪತ್ತೊಂದು ವರ್ಷ ಹೇಗೆ ಉಳಿದೆನೋ.

ಏಳನೇ ಕ್ಲಾಸಿನಲ್ಲಿ ನನಗೆ ಕಪ್ಪು ಹಲಗೆಯ ಮೇಲಿನ ಅಕ್ಷರ ಕಾಣದಾಯಿತು. ಕನ್ನಡಕ ಹಾಕಿಸಿ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಮಾವನ ಲೆಕ್ಕದಲ್ಲಿ ಕನ್ನಡಕಕ್ಕೂ ಮಾತ್ರೆಗೂ ವ್ಯತ್ಯಾಸವಿರಲಿಲ್ಲ. ಭಾನುವಾರ ಸಭೆಯ ಮಧ್ಯೆ ನನ್ನನ್ನು ನಿಲ್ಲಿಸಿ, ರೆಪ್ಪೆಗಳ ಮೇಲೆ ಹೆಬ್ಬೆರಳಿಟ್ಟು, ಅಂಗಿ ಒದ್ದೆಯಾಗುವವರೆಗೆ ಪ್ರಾರ್ಥಿಸಿದ. ಬೆರಳಿಗೆ ಗಂಜಿಯ ವಾಸನೆಯಿತ್ತು. "ಕಾಣ್ತೈತೇನಲೇ?" ಎಂದ. ನಲವತ್ತು ಮನೆಯವರೂ ಉಸಿರು ಹಿಡಿದು ಕೂತಿದ್ದರು. ಅವರೆಲ್ಲರ ಮುಖ ನನಗೆ ಬಿಳಿ ಮುದ್ದೆಗಳ ಹಾಗೆ ಕಾಣುತ್ತಿತ್ತು.

"ಕಾಣ್ತೈತೆ ಮಾವ" ಎಂದೆ.

"ಸ್ತೋತ್ರ" ಎಂದು ತಗಡು ಹಾರುವಂತೆ ಎಲ್ಲರೂ ಕೂಗಿದರು. ಮರುದಿನ ನಾನು ಹೆಡ್‌ಮಾಸ್ತರರೆಂದು ತಿಳಿದು ಕರೆಂಟು ಕಂಬಕ್ಕೆ ನಮಸ್ಕಾರ ಮಾಡಿದೆ. ಆಮೇಲೆ ಎಂಟು ವರ್ಷ, ವರ್ಷಕ್ಕೊಂದು ಸಲ, ಕಣ್ಣು ಬಂದ ಸಾಕ್ಷಿಯನ್ನು ಸಭೆಯ ಮುಂದೆ ನಿಂತು ಹೇಳಿದೆ. ಕೊನೆಕೊನೆಗೆ ಬಹಳ ಚೆನ್ನಾಗಿಯೇ ಹೇಳುತ್ತಿದ್ದೆ.

ಇಪ್ಪತ್ತೊಂದನೇ ವಯಸ್ಸಿಗೆ ದಾವಣಗೆರೆಯಲ್ಲಿ ಕದ್ದು ಕನ್ನಡಕ ಹಾಕಿಸಿಕೊಂಡೆ. ಅಂಗಡಿಯಿಂದ ಹೊರಗೆ ಬಂದರೆ ಬೇವಿನ ಮರಕ್ಕೆ ಬಿಡಿಬಿಡಿಯಾಗಿ ಎಲೆಗಳಿದ್ದವು. ಮನೆಗೆ ಬಂದರೆ ಅವ್ವನ ಬಿಳಿ ಸೀರೆಯಲ್ಲಿ ತೇಪೆಗಳಿದ್ದವು, ಎಷ್ಟೊಂದು ತೇಪೆಗಳು... ಎಂದೂ ಕಂಡಿರಲಿಲ್ಲ. ಆ ಭಾನುವಾರ ಕನ್ನಡಕ ಹಾಕಿಕೊಂಡೇ ಸಭೆಗೆ ಹೋದೆ. ಧೈರ್ಯವೇನಲ್ಲ. ತೆಗೆದರೆ ಎಲ್ಲಾದರೂ ಬಿದ್ದು ಒಡೆದೀತೆಂಬ ಚಿಂತೆ.

"ತೆಗಿ ಅದನ್ನ" ಎಂದ ಮಾವ.

"ತೆಗೆಯಲ್ಲ ಮಾವ."

"ಹೋಗ್ಲಿ, ಪಾಪ ಆತು ಅಂತ ಒಂದು ಮಾತು ಹೇಳು. ಸಾಕು."

"ನನಗೆ ಕಾಣ್ತೈತೆ ಮಾವ. ಈಗ ನಿಜವಾಗ್ಲೂ ಕಾಣ್ತೈತೆ."

ಎಂಟು ವರ್ಷದ ಸುಳ್ಳು ಒಂದೇ ಮಾತಿನಲ್ಲಿ ಬಯಲಾಯಿತು. ಮಾವನ ಮುಖ ನನಗೆ ಮೊದಲ ಸಲ ಸ್ಪಷ್ಟವಾಗಿ ಕಂಡದ್ದು ಆಗಲೇ. ಅವನು ಸಭೆಯ ಕಡೆ ತಿರುಗಿ, "ಇವನು ನಂಬಿಕೆಯಿಂದ ಹಿಂಜಾರಿದವನು. ಇವನ ಸಂಗಡ ಇನ್ನು ಯಾರೂ ಊಟಕ್ಕೆ ಕೂಡ್ರಬಾರದು" ಎಂದ. ನಮ್ಮಲ್ಲಿ ಹೊರಗೆ ಹಾಕುವುದೆಂದರೆ ಅದೇ. ಮಾತಾಡಬಹುದು, ಬಡಿಸಬಹುದು. ಜೊತೆಗೆ ಕೂತು ಉಣ್ಣುವಂತಿಲ್ಲ.

ಅವತ್ತು ಮಧ್ಯಾಹ್ನ ಅವ್ವ ಅಂಚು ನಗ್ಗಿದ ಒಂದು ತಟ್ಟೆಯಲ್ಲಿ ಅನ್ನ ಹಾಕಿ ಜಗಲಿಯ ಮೇಲಿಟ್ಟು ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಅವಳು ಉಂಡಳೋ ಇಲ್ಲವೋ ತಿಳಿಯಲಿಲ್ಲ. ಬಳೆಯಿಲ್ಲದ ಕೈ ಸದ್ದು ಮಾಡುವುದಿಲ್ಲ.

ದಾವಣಗೆರೆಗೆ ಹೋಗಿ, ಕನ್ನಡಕ ಕೊಂಡ ಅಂಗಡಿಯಲ್ಲೇ ಗಾಜು ಉಜ್ಜುವ ಕೆಲಸಕ್ಕೆ ಸೇರಿದೆ. ಹದಿನಾಲ್ಕು ವರ್ಷ ತಿಂಗಳಿಗೊಮ್ಮೆ ಹರಿಹರಕ್ಕೆ ಹೋಗಿ ಅದೇ ಜಗಲಿಯ ಮೇಲೆ, ಅದೇ ನಗ್ಗಿದ ತಟ್ಟೆಯಲ್ಲಿ ಉಂಡು ಬಂದೆ. ಒಂದು ಸಲ, ಒಂದೇ ಒಂದು ಸಲ, ಅವ್ವನ ಪಕ್ಕದಲ್ಲಿ ಕೂತು ಉಣ್ಣಬೇಕೆಂಬುದನ್ನು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಇತ್ತು, ಇನ್ನೊಂದಿತ್ತು. ಮಾವನ ಮೇಲೆ ಸೇಡು ತೀರಿಸಿಕೊಳ್ಳುವುದು. ಶೆಡ್ಡಿಗೆ ಬೆಂಕಿ ಹಚ್ಚೋಣವೆಂದರೆ ಪಕ್ಕದಲ್ಲಿ ಮರದ ಅಡ್ಡೆ, ಊರೇ ಹೊತ್ತಿಕೊಂಡರೆ ಗತಿಯೇನು? ಮಾವನ ಗಂಜಿಯ ಪಾತ್ರೆಗೆ ಮೈ ತುರಿಸುವ ನಸುಗುನ್ನಿ ಪುಡಿ ಬೆರೆಸೋಣವೆಂದರೆ ಅವ್ವನ ಸೀರೆಯೂ ಅದರಲ್ಲೇ ಅದ್ದುತ್ತದೆ. ಸೇಡಿಗೆ ಬೇಕಾದ ನಿಶ್ಚಿಂತೆ ನನ್ನಲ್ಲಿರಲಿಲ್ಲ.

ಕೊನೆಗೆ ಸೇಡೇ ನನ್ನ ಅಂಗಡಿಗೆ ನಡೆದು ಬಂತು. ಆಗ ನಾನು ಸ್ವಂತ ಅಂಗಡಿ ಇಟ್ಟಿದ್ದೆ. ಒಂದು ಮಧ್ಯಾಹ್ನ ತಲೆಯ ಮೇಲೆ ಟವೆಲ್ ಹೊದ್ದುಕೊಂಡು, ಹಿಂದೆ ಮುಂದೆ ನೋಡುತ್ತ ಮಾವ ಒಳಗೆ ಬಂದ.

"ಏನ್ ಮಾವ, ದಾರಿ ತಪ್ಪಿತೇನು?"

"ಸೂಜಿಗೆ ದಾರ ಪೋಣ್ಸಾಕೆ ಆಗ್ತಿಲ್ಲಲೇ."

"ಪ್ರಾರ್ಥನೆ ಮಾಡ್ಸಬೇಕಿತ್ತು."

"ಮೂರು ವರ್ಷ ಮಾಡಿಸೀನಿ."

"ಇನ್ನೊಂದು ಮೂರು ವರ್ಷ ನೋಡಬಹುದಿತ್ತು. ಏನವಸರ ಇತ್ತು?"

ನಲವತ್ತು ಮನೆಯ ಬಟ್ಟೆ ಹೊಲಿಯುವವನು ಮೂರು ವರ್ಷದಿಂದ ಬೇರೆಯವರ ಕೈಯಲ್ಲಿ ದಾರ ಪೋಣಿಸಿಕೊಳ್ಳುತ್ತಿದ್ದನಂತೆ. ಕೂಡಿಸಿ, ನಂಬರು ನೋಡಿ, ಗಾಜು ಹಾಕಿದೆ. ಅವನು ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಒಂದೇ ಸಲಕ್ಕೆ ದಾರ ಪೋಣಿಸಿದ. ದಾರ ಎಳೆದು ಮತ್ತೆ ಪೋಣಿಸಿದ. ಇನ್ನೊಮ್ಮೆ. ನಾನು ಅವನ ಮೂಗಿನ ಮೇಲಿಂದ ಕನ್ನಡಕವನ್ನು ತೆಗೆದು ನನ್ನ ಜೇಬಿಗಿಟ್ಟುಕೊಂಡೆ.

"ಕೊಡ್ತೀನಿ ಮಾವ. ಎದುರಿಗೆ ಮಂಡಕ್ಕಿ ಹೋಟ್ಲೈತೆ. ನನ್ನ ಜೊತೆ ಕೂತು, ಒಂದೇ ತಟ್ಟ್ಯಾಗೆ ತಿಂದ್ರೆ ಕೊಡ್ತೀನಿ."

"ಬ್ಯಾರೆ ಏನರ ಕೇಳಲೇ."

"ಬ್ಯಾರೆ ಏನೂ ಬ್ಯಾಡ."

ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣಲೆಂದು ಬಾಗಿಲ ಪಕ್ಕದ ಮೇಜನ್ನೇ ಆರಿಸಿದೆ. ಒಂದು ತಟ್ಟೆ ಖಾರ ಮಂಡಕ್ಕಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ಮಾವ ಟವೆಲ್ ತೆಗೆದು ಮಡಿಚಿಟ್ಟು, ಕಣ್ಣು ಮುಚ್ಚಿ, ನನ್ನ ಹೆಸರು ಹಿಡಿದು ಪ್ರಾರ್ಥಿಸಿದ. ಅದು ಒಪ್ಪಂದದಲ್ಲಿರಲಿಲ್ಲ. ಆಮೇಲೆ ತಿಂದ. ಅವನ ಒಂದೊಂದು ಮುಕ್ಕನ್ನೂ ನಾನು ಕಣ್ಣು ತುಂಬ ನೋಡಿದೆ. ತಟ್ಟೆಯ ತಳದಲ್ಲಿದ್ದ ಈರುಳ್ಳಿಯನ್ನೂ ಬಿಡದೆ ತಿಂದು, "ಮಂಡಕ್ಕಿ ಚಲೋ ಐತೆ" ಎಂದು ಎದ್ದ. ನಾನು ಜೇಬಿನಿಂದ ಕನ್ನಡಕ ತೆಗೆದು ಕೊಟ್ಟೆ.

ಅವತ್ತು ಸಂಜೆಯೇ ಸಭೆಗೆ ಹೆಸರಿಲ್ಲದ ಪತ್ರ ಬರೆಯಲು ಕೂತೆ. ನಿಮ್ಮ ಹಿರಿಯ ಕನ್ನಡಕ ಹಾಕಿಸಿಕೊಂಡಿದ್ದಾನೆ, ಹಿಂಜಾರಿದವನ ತಟ್ಟೆಯಲ್ಲಿ ಉಂಡಿದ್ದಾನೆ ಎಂದು. ಅಕ್ಷರದ ಗುರುತು ಸಿಕ್ಕೀತೆಂದು ಎಡಗೈಯಲ್ಲಿ ಬರೆದೆ. ಎಡಗೈಯ ಅಕ್ಷರ ನನಗೇ ಓದಲು ಬರಲಿಲ್ಲ. ಮೂರು ಸಲ ಬರೆದು, ಯಾವ ಡಬ್ಬಿಗೆ ಹಾಕುವುದು, ಹಾಕುವಾಗ ಯಾರಾದರೂ ನೋಡಿದರೆ ಎಂದು ಚಿಂತಿಸುವುದರೊಳಗೆ ಭಾನುವಾರ ಬಂದುಬಿಟ್ಟಿತು.

ಸೋಮವಾರ ಅವ್ವನ ಫೋನು ಬಂತು. ಪಕ್ಕದ ಮನೆಯಿಂದ ಮಾಡಿದ್ದಳು.

"ನಿನ್ನ ಮಾವ ನಿನ್ನೆ ಸಭ್ಯಾಗೆ ತಾನೇ ಎದ್ದು ನಿಂತು ಎಲ್ಲಾ ಹೇಳಿಬಿಟ್ಟ. ಕನ್ನಡಕ ತೆಗೆದು ಮೇಜಿನ ಮ್ಯಾಲಿಟ್ಟು, ಇದು ಪಾಪ, ಒಪ್ಪಿದೆ ಅಂದ. ಆ ಹಿಂಜಾರಿದವನ ಜೊತೆ ಉಂಡದ್ದೂ ಪಾಪ ಅನ್ನು, ಬಿಟ್ಟುಬಿಡ್ತೀವಿ ಅಂದ್ರು. ಅಕ್ಕನ ಮಗನ ಜೊತೆ ಉಂಡದ್ದು ಪಾಪ ಅಂತ ನನ್ನ ಬಾಯಾಗೆ ಬರಲ್ಲ ಅಂದ. ಇನ್ನ ಅವನಿಗೂ ನಾನು ಜಗಲಿ ಮ್ಯಾಲೆ ಇಡಬೇಕು. ಸಮಾಧಾನ ಆತೇನಪ್ಪಾ ನಿನಗೆ? ಇನ್ನ ಬರಬ್ಯಾಡ ನೀನು."

ಸಮಾಧಾನ ಆಗಿತ್ತು. ಸುಳ್ಳು ಹೇಳುವುದನ್ನು ಆ ಸಭೆಯಲ್ಲೇ ಬಿಟ್ಟು ಬಂದಿದ್ದೇನೆ. ನಲವತ್ತು ಮನೆಯವರ ಎದುರಿಗೆ ನಾನು ನಿಂತಿದ್ದ ಜಾಗದಲ್ಲಿ ಅವನನ್ನು ನಿಲ್ಲಿಸಿದ್ದೆ. ಒಂದು ವಾರ ಹೆಂಡತಿ ಎಬ್ಬಿಸುವವರೆಗೂ ನಿದ್ದೆ ಮಾಡಿದೆ. ಆಮೇಲೆ ಮಾವನ ಆ ಕೊನೆಯ ಮಾತು ತೊಂದರೆ ಕೊಡತೊಡಗಿತು... ಕೆಟ್ಟವನು ಕೆಟ್ಟವನಾಗಿಯೇ ಇರಬೇಕಲ್ಲ. ನನ್ನ ಜೊತೆ ಉಂಡದ್ದು ಪಾಪವೆಂದು ಒಂದು ಮಾತು ಹೇಳಿದ್ದರೆ ಅವನು ಸಭೆಯೊಳಗೆ ಉಳಿಯುತ್ತಿದ್ದ, ನಾನು ಅವನನ್ನು ಸಾಯುವವರೆಗೂ ಸುಖವಾಗಿ ದ್ವೇಷಿಸಬಹುದಿತ್ತು. ಅದನ್ನೂ ಕಿತ್ತುಕೊಂಡ. ಇದಕ್ಕಾಗಿ ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅವನ ನಂಬರಿನದೇ ಇನ್ನೊಂದು ಕನ್ನಡಕ ಮಾಡಿ ಡ್ರಾಯರಿನಲ್ಲಿಟ್ಟೆ. ಬಂದರೆ ಕೊಡುವುದೆಂದು. ಆದರೆ ಬರಬೇಕು, ಬಂದು ಕೇಳಬೇಕು. ಹದಿನೆಂಟು ವರ್ಷ ಅವನು ಕೇಳಲು ಬರಲಿಲ್ಲ, ನಾನು ಕಳಿಸಲಿಲ್ಲ. ಸಭೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದ ಮೇಲೆ ಅವನು ಯಾರ್ಯಾರದೋ ಪರದೆ, ದಿಂಬಿನ ಚೀಲ ಹೊಲಿದು ಬದುಕಿದನಂತೆ. ಕಳೆದ ತಿಂಗಳು ಪಕ್ಕದ ಮನೆಯವರು ಫೋನು ಮಾಡಿ, "ನಿಮ್ಮ ಮಾವ ಹೋಗಿ ಮೂರು ದಿನ ಆತ್ರಿ" ಎಂದರು. ಸಭೆಯವರು ಯಾರೂ ಹೆಗಲು ಕೊಡಲಿಲ್ಲವಂತೆ. ಅವನ ಸಾಲಿನ ಅಂಗಡಿಯ ಸಾಬರು, ಉಳಿದ ಟೈಲರುಗಳು ಹೊತ್ತು ಮಣ್ಣು ಮಾಡಿದರಂತೆ. "ನಿಮ್ಮ ಅವ್ವಗೆ ಎರಡೂ ಕಣ್ಣಿಗೆ ಪೊರೆ ಬಂದೈತ್ರಿ, ಏನೂ ಕಾಣ್ಸಲ್ಲ" ಎಂದೂ ಹೇಳಿದರು.

ಅದನ್ನು ಕೇಳಿದ ಮೇಲೆಯೇ ನಾನು ಹೊರಟದ್ದು. ಅವ್ವನನ್ನು ಕರೆತಂದು, ಪೊರೆ ತೆಗೆಸಿ, ಕಣ್ಣು ಬಂದವಳನ್ನು ಆ ತಗಡಿನ ಶೆಡ್ಡಿನ ಮುಂದೆ ನಿಲ್ಲಿಸಬೇಕು. ಅದು ನನ್ನ ಕೊನೆಯ ಸೇಡು.

ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಓಣಿಗೆ ಹೋದೆ. ಬಾಗಿಲು ತೆರೆದಿತ್ತು. ಬಿಳಿ ಸೀರೆಯಲ್ಲಿ ಅವ್ವ ಒಬ್ಬಳೇ ಕೂತಿದ್ದಳು.

"ಯಾರ್ರಿ?"

"ನಾನವ್ವ" ಎಂದೆ.

ಅವಳ ಕೈ ಸೆರಗಿನ ಮೇಲೆ ನಿಂತುಬಿಟ್ಟಿತು. ಜಗಲಿಯ ಮೇಲೆ ಕೂಡ್ರುವುದೋ ವಾಪಸು ಹೋಗುವುದೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ದಾವಣಗೆರೆ ಸಭೆ ಬ್ರದರ್ ಇರ್ಬೇಕು" ಎಂದಳು. "ಕಣ್ಣು ಕಾಣ್ಸಲ್ಲ ನೋಡ್ರಿ ನನಗೆ, ಯಾರು ಎತ್ತ ತಿಳಿಯಲ್ಲ. ಒಳಗೆ ಬರ್ರಿ. ಊಟದ ಹೊತ್ತಾತು, ಕೂಡ್ರಿ."

ಹೆತ್ತ ಅವ್ವ ನನಗೆ ಬಹುವಚನ ಹಚ್ಚಿದಳು. ದಾವಣಗೆರೆಯಲ್ಲಿ ಅವರ ಸಭೆ ಇಲ್ಲ.

ಗೋಡೆ ಸವರಿಕೊಂಡು ಹೋಗಿ ಎರಡು ತಟ್ಟೆ ತಂದಳು. ನನ್ನ ಮುಂದಿಟ್ಟದ್ದು ಅಂಚು ನಗ್ಗಿದ ತಟ್ಟೆ. ಹದಿನಾಲ್ಕು ವರ್ಷ ಜಗಲಿಯ ಮೇಲೆ ನನ್ನದಾಗಿತ್ತು, ಆಮೇಲೆ ಹದಿನೆಂಟು ವರ್ಷ ಮಾವನದು. ಅದು ಒಳಗೆ ಬಂದಿತ್ತು. ಅನ್ನ, ಹುಳಿಸಾರು ಹಾಕಿ ನನ್ನ ಪಕ್ಕದಲ್ಲೇ, ಮೊಣಕಾಲು ತಾಗುವಷ್ಟು ಹತ್ತಿರ, ತನ್ನ ತಟ್ಟೆಯ ಮುಂದೆ ಕೂತಳು. "ಉಣ್ರಿ ಬ್ರದರ್" ಎಂದಳು. ಇಬ್ಬರೂ ಉಂಡೆವು. ಅವ್ವ ಉಣ್ಣುವಾಗ ತುತ್ತಿಗೊಮ್ಮೆ ತಟ್ಟೆಯ ಅಂಚಿಗೆ ಬೆರಳು ಒರೆಸುತ್ತಾಳೆ. ಅದನ್ನು ಮರೆತೇಬಿಟ್ಟಿದ್ದೆ.

ಅನ್ನ ಮುಗಿಯುತ್ತ ಬಂದಾಗ ಹೇಳಿದೆ. "ದಾವಣಗೆರೆಗೆ ಹೋಗಾನ ನಡಿ. ಪೊರೆ ತೆಗೆಸಿದ್ರೆ ಎಲ್ಲಾ ಕಾಣ್ತೈತೆ."

ಅವಳು ನನ್ನ ತಟ್ಟೆಯನ್ನು ಕೈಯಿಂದ ತಡವಿ, ಇನ್ನೊಂದು ಸೌಟು ಅನ್ನ ಹಾಕಿದಳು.

"ಬ್ಯಾಡ್ರಿ. ಕಣ್ಣು ಬಂದ್ರೆ ನೀವ್ಯಾರು ಅಂತ ಕಂಡುಬಿಡ್ತೈತಲ್ರಿ. ಆಮೇಲೆ ಹಿಂಗೆ ಕೂಡ್ರಾಕೆ ಬರಲ್ಲ."

ನಾನು ಆ ಅನ್ನಕ್ಕೆ ಸಾರು ಕಲಸಿಕೊಂಡೆ. ಬಿಸಿ ಸಾರಿನ ಹಬೆಗೆ ಕನ್ನಡಕ ಮಂಜಾಯಿತೆಂದು ಎಡಗೈಯಲ್ಲಿ ತೆಗೆದು ಒರೆಸಲು ಹೋದರೆ, ಬಸ್‌ಸ್ಟ್ಯಾಂಡಿನ ಟೈಲರ್ ಕಟ್ಟಿದ ದಾರ ಆಗಲೇ ಸಡಿಲಾಗಿ ಕಡ್ಡಿ ಜೋತಾಡುತ್ತಿತ್ತು. ಮಾವ ಆಗಿದ್ದರೆ ಇನ್ನೆರಡು ಸುತ್ತು ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದು ಕೊಡುತ್ತಿದ್ದ. ಕಣ್ಣು ಕಾಣದಿದ್ದರೂ.