ಹತ್ತಿರಾಶಿಯ ಮೇಲೆ ಎರಡು ಕಿವಿ

ಮಕ್ಕಳು ತಮ್ಮಷ್ಟಕ್ಕೆ ಆಡುತ್ತಿವೆ ಅಂದುಕೊಂಡು ನಾವು ದೊಡ್ಡವರು ಅವುಗಳ ಎದುರು ಏನೇನು ಮಾತಾಡಿಬಿಡುತ್ತೇವೆ ಎಂಬುದನ್ನು ನೆನೆದರೆ ನನಗೆ ಈಗ ಸಣ್ಣಗೆ ಬೆವರು ಬರುತ್ತದೆ. ನನ್ನ ಮಗಳು ಸುಮಾ ಎರಡೂವರೆ ವರ್ಷದವರೆಗೂ ಮಾತಾಡಲಿಲ್ಲ. ಮನೆಮಂದಿಯೆಲ್ಲ ಅವಳ ಬಾಯಿಯನ್ನೇ ನೋಡುತ್ತ ಕೂತೆವು. ಅಷ್ಟು ದಿನ ಕಿವಿ ಏನು ಮಾಡುತ್ತಿತ್ತು ಅಂತ ಯಾರೂ ಯೋಚಿಸಲಿಲ್ಲ.

ಮಾತು ಕಲಿಸುವ ಬಗ್ಗೆ ನನಗೆ ನನ್ನದೇ ಒಂದು ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ನೀರಡಿಸಿದರೂ ಪೂರ್ತಿ ವಾಕ್ಯದಲ್ಲೇ ನೀರಡಿಸಬೇಕು. ಬರೀ ‘ನೀರು’ ಅಂದರೆ ಸಿಸ್ಟರು ಲೋಟ ಕೊಡುತ್ತಿರಲಿಲ್ಲ. ಲಗ್ನವಾಗಿ ತಿರ್ಲಾಪುರಕ್ಕೆ ಬಂದ ಮೇಲೂ ಆ ಶಿಸ್ತು ನನ್ನ ಜೊತೆಗೇ ಬಂತು. ಪೇಟೆಯಿಂದ ಬಣ್ಣದ ಚಾರ್ಟು ತರಿಸಿ ಗೋಡೆಗೆ ಹಚ್ಚಿದೆ. “ಇದು ಸೇಬುಹಣ್ಣು. ಸೇಬುಹಣ್ಣು ಕೆಂಪಗಿದೆ” ಅಂತ ಬೆರಳಿಟ್ಟು ಹೇಳುತ್ತಿದ್ದೆ. ಈ ಕರಿಮಣ್ಣಿನ ಎರಿ ಹೊಲದ ಊರಿನಲ್ಲಿ ಸೇಬುಹಣ್ಣನ್ನು ಒಮ್ಮೆಯೂ ಕಂಡಿರದ ಸುಮಾ ಹಣ್ಣನ್ನು ಬಿಟ್ಟು ನನ್ನ ಮೂಗುಬೊಟ್ಟನ್ನು ನೋಡುತ್ತಿದ್ದಳು.

ನಮ್ಮ ಅತ್ತೆಯ ರೀತಿ ಬೇರೆ. ಕೂಸು ತೊಟ್ಟಿಲಲ್ಲಿದ್ದಾಗಲೇ ಅವರು ಅದರ ಜೊತೆ ಹರಟೆಗೆ ಕೂಡುತ್ತಿದ್ದರು. “ಏನ್ರೀ ಗೌಡಶಾನಿ, ಹೊಟ್ಟಿ ತುಂಬಿತೇನ್ರಿ?” ಅಂದು ಸುಮ್ಮನಾಗುವರು. ಕೂಸು ‘ಊಂ’ ಅನ್ನುವುದು. “ಹೌದೇನ್ರಿ? ಹಂಗಾರ ನಿದ್ದಿ ಯಾವಾಗ ಮಾಡ್ತೀರಿ?” ಅಂದು ಮತ್ತೆ ಸುಮ್ಮನಾಗುವರು. ಉತ್ತರಕ್ಕೆ ಜಾಗ ಬಿಡುವ ಈ ಮರ್ಯಾದೆಯನ್ನು ನಾನು ಆಗ ಬರೀ ತಮಾಷೆ ಅಂದುಕೊಂಡಿದ್ದೆ. ಕೂಸು ಮಾತ್ರ ತನ್ನ ಪಾಳಿ ಯಾವಾಗ ಬರುತ್ತದೆ ಅನ್ನುವುದನ್ನು ಅಲ್ಲಿಯೇ ಕಲಿಯುತ್ತಿತ್ತು. ಮುಂದೆ ಮಾತು ತಡವಾದಾಗ ಅತ್ತೆ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಿದ್ದರು. ಸುಮಾ ಜೇನನ್ನಷ್ಟೇ ಚಪ್ಪರಿಸಿ ನಗುತ್ತಿದ್ದಳು.

ಹೋದ ಸುಗ್ಗಿಯಲ್ಲಿ ಹತ್ತಿ ಬಂದು ಪಡಸಾಲೆ ತುಂಬಿತು. ಅದರೊಳಗಿನ ಒಣ ಎಲೆಯ ಚೂರು ಆರಿಸಲು ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಬರುತ್ತಿದ್ದರು. ಕೈ ಒಂದು ಕಡೆ, ಬಾಯಿ ಹತ್ತು ಕಡೆ. ಸುಮಾ ರಾಶಿಯ ಮೇಲೆ ಉರುಳಾಡಿ, ತಲೆತುಂಬ ಹತ್ತಿ ಮೆತ್ತಿಕೊಂಡು, ಯಾರು ಮಾತಾಡಿದರೆ ಅವರ ಕಡೆ ಹೊರಳುತ್ತಿದ್ದಳು. ಅದೊಂದು ಆಟ ಅಂದುಕೊಂಡೆ.

ಆಗಲೇ ಶಲವಡಿಯಿಂದ ಬಂದ ನಮ್ಮವರ ಸೋದರತ್ತೆ ಅವಳನ್ನು ದಿಟ್ಟಿಸಿ ಅಂದರು: “ಇದಕ್ಕ ಮಾತ ಬರೂದಿಲ್ಲ ಬಿಡಬೇ. ನಮ್ಮ ಓಣ್ಯಾಗೂ ಹಿಂಗ ಒಂದು ಕೂಸು ಇತ್ತು...”

ಆ ಕೂಸಿಗೆ ಮುಂದೇನಾಯಿತು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಹತ್ತಿ ಮಾರಿ ಬಂದ ಕೂಡಲೇ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುವುದೆಂದು ನಮ್ಮವರು ನಿಶ್ಚಯಿಸಿದರು. ಸೇಬುಹಣ್ಣು ಹಾಳಾಗಿ ಹೋಗಲಿ, ಒಂದು ಸಲ ನನ್ನನ್ನು ‘ಅವ್ವಾ’ ಅಂತ ಕರೆದರೆ ಸಾಕು ಅನ್ನಿಸುತ್ತಿತ್ತು.

ಆದರೆ ಮೊದಲು ಮಾತು ನಿಂತದ್ದು ನನ್ನದೇ. ಹತ್ತಿಯ ಧೂಳಿಗೆ ಗಂಟಲು ಕಟ್ಟಿ, ಒಂದು ಮುಂಜಾನೆ ಎದ್ದರೆ ದನಿಯೇ ಇಲ್ಲ. ಕಾಯಿಪಲ್ಲೆಯ ಫಕೀರವ್ವ ಬುಟ್ಟಿ ಇಳಿಸಿ ಕೂಗಿದಳು: “ಮೆಂತೆಪಲ್ಲೆ ಬೇಕೇನ್ರೀ ಎವ್ವಾ?” ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಗಾಳಿಯಷ್ಟೇ ಬಂತು.

“ಯಾಕ್ರಿ, ನನ್ನ ಮ್ಯಾಲೆ ಸಿಟ್ಟೇನ್ರಿ?”

ನನ್ನ ಹಿಂದೆ, ಹತ್ತಿರಾಶಿಯ ಮೇಲಿಂದ ಒಂದು ದನಿ ಬಂತು: “ಅವ್ವನ ಗಂಟಲಾ ಕಟ್ಟೈತಿ. ನಿನ್ನಿ ಕೊಟ್ಟದ್ದು ಬಾಡಿತ್ತು ನೋಡು. ಒಲ್ಲೆವು.”

ಟ ಡ ಎಲ್ಲ ತ ದ ಆಗಿದ್ದವು, ನಿಜ. ಆದರೆ ವಾಕ್ಯ ಎಲ್ಲೂ ಕುಂಟಲಿಲ್ಲ. ನಮ್ಮ ಅತ್ತೆಯ ರಾಗ, ಅತ್ತೆಯ ಬಿರುಸು, ಕಡೆಗೆ ಅತ್ತೆಯ ಹಾಗೆ ಸೊಂಟದ ಮೇಲೆ ಒಂದು ಕೈ. ಫಕೀರವ್ವ ಬುಟ್ಟಿ ಮರೆತು, “ಅಯ್ಯ ನನ್ನವ್ವನ, ಬಾಯಿ ಬಿಟ್ಟ ಕೂಡ್ಲೇನ ಜಗಳಾ ತಗದಿಯಲ್ಲಬೇ!” ಅಂತ ಗಲ್ಲದ ಮೇಲೆ ಕೈಯಿಟ್ಟಳು. ನಾನು ಅತ್ತೆಯನ್ನು ಕರೆಯಲು ಹೋದೆ, ದನಿ ಏಳಲಿಲ್ಲ. ಆ ಕೆಲಸವನ್ನೂ ಸುಮಾನೇ ಮಾಡಿದಳು: “ಅಜ್ಜೀ, ಲಗೂನ ಬಾ! ಅವ್ವ ಅಳಾಕತ್ತಾಳ!”

ನಾನು ಕಾದದ್ದು ನನ್ನನ್ನು ಕರೆಯುವ ‘ಅವ್ವ’ನಿಗಾಗಿ. ಬಂದದ್ದು ನನ್ನ ಸುದ್ದಿಯನ್ನು ಮಂದಿಗೆ ಹೇಳುವ ‘ಅವ್ವ’. ಅದೇ ನನಗೆ ಹೆಚ್ಚು ಸಿಹಿಯಾಯಿತು.

ಆಮೇಲೆ ನಾನು ಅವಳ ಮಾತನ್ನು ಕದ್ದು ಕೇಳುವುದನ್ನೇ ಉದ್ಯೋಗ ಮಾಡಿಕೊಂಡೆ. ಎತ್ತಿಗೆ ‘ಲೇ’, ಫಕೀರವ್ವಗೆ ‘ಬಾ’, ಬಾಜೂಮನೆಯ ಮಾಸ್ತರರಿಗೆ ‘ಬರ್ರಿ, ಕೂಡ್ರಿ’. ಯಾರಿಗೆ ಎಷ್ಟು ಮರ್ಯಾದೆ ಅನ್ನುವುದನ್ನು ಅವಳಿಗೆ ತೂಗಿ ಕೊಟ್ಟವರು ಯಾರು? ನೀವೇ ಹೇಳಿ. ನಾನು ವರ್ಷಗಟ್ಟಲೆ ವ್ಯಾಕರಣ ಉರುಹೊಡೆದು, ಇವತ್ತಿಗೂ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವಾಗ ಮನಸ್ಸಿನಲ್ಲಿ ಸಿಸ್ಟರ ಮುಖ ನೋಡುತ್ತೇನೆ. ಇವಳು ಹತ್ತಿಯ ಮೇಲೆ ಉರುಳಾಡುತ್ತಲೇ ನಿನ್ನೆಯನ್ನೂ ಇವತ್ತನ್ನೂ, ಹೌದನ್ನೂ ಒಲ್ಲೆಯನ್ನೂ ವಿಂಗಡಿಸಿ ಇಟ್ಟುಕೊಂಡಿದ್ದಳು. ಓಣಿಯ ಹೆಂಗಸರು ಹತ್ತಿ ಆರಿಸಿದ ಹಾಗೆ ಅವಳು ಅವರ ಮಾತನ್ನು ಆರಿಸಿಕೊಂಡಿದ್ದಳು.

ನಾಲ್ಕು ದಿನ ಕಳೆದು ನನ್ನ ಗಂಟಲು ಬಿಟ್ಟಿತು. ಯಾರಿಗೂ ಹೇಳಲಿಲ್ಲ. ಅವಳು ನನ್ನ ಬಾಯಾಗಿ ಮನೆತುಂಬ ಓಡಾಡುವ ಚೆಂದ ಇನ್ನಷ್ಟು ನೋಡುವ ಆಸೆ. ಆದರೆ ಆ ಮಧ್ಯಾಹ್ನವೇ ಅವಳು ಒಲೆಯ ಮೇಲಿನ ಚಹಾದ ಪಾತೇಲಿಗೆ ಕೈ ಚಾಚಿದಳು.

“ಸುಡ್ತೈತಿ ಬೇ, ಕೈ ತಗಿ!”

ಅಂದದ್ದು ನಾನೇ. ಸುಮಾ ಕೈ ಹಿಂದೆಗೆದು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಪಡಸಾಲೆಗೆ ಓಡಿ, ಹತ್ತಿ ಆರಿಸುತ್ತಿದ್ದವರ ನಡುವೆ ನಿಂತು ಊರಿಗೆ ಕೇಳುವಂತೆ ಸಾರಿದಳು: “ನಮ್ಮವ್ವಗ ಮಾತ ಬಂತು!”

ಹೆಂಗಸರು ಬಿದ್ದು ಬಿದ್ದು ನಕ್ಕರು. “ಪಾಪ, ಭಾಳ ತಡಾ ಆತು” ಅಂದರು ಅತ್ತೆ.

ನಗು ಇಳಿದ ಮೇಲೆ ನಾನು ಒಲೆಯ ಮುಂದೆ ನಿಂತು ನನ್ನ ಮಾತನ್ನೇ ಇನ್ನೊಮ್ಮೆ ಅಂದುಕೊಂಡೆ. ಅದು ಸಿಸ್ಟರು ಕಲಿಸಿದ ಮಾತಂತೂ ಅಲ್ಲ. ಆದರೇನು, ಇಷ್ಟು ದಿನ ನಾನೂ ಅದೇ ಹತ್ತಿರಾಶಿಯ ಬಾಜೂಕೇ ಕೂತಿದ್ದೆನಲ್ಲ.